ಅರ್ಧ ಟ್ಯಾಂಕಿನ ಕೆಳಗೆ

ಅಜ್ಜೀಪುರ
12-2-2001

ಅಪ್ಪನಿಗೆ ಯಶೋದಳ ನಮಸ್ಕಾರ.

ಆರು ವರ್ಷದ ಮೇಲೆ ಬರೆಯುತ್ತಿದ್ದೇನೆ. ನಾನು ಚೆನ್ನಾಗಿದ್ದೇನೆ, ಅವರೂ ಚೆನ್ನಾಗಿದ್ದಾರೆ. ಚೆನ್ನಾಗಿಲ್ಲದಿರುವುದು ಕಾರು, ಅದಕ್ಕೇ ಈ ಕಾಗದ. ಎದುರು ಮನೆ ಶಿವಯ್ಯನವರ ಫೋನಿಗೆ ಎರಡು ಸಲ ಮಾಡಿದ್ದೆ. 'ಕರುದ್ರೂ ಬರಲ್ಲ ಅಂತವ್ರೆ ಕಣವ್ವ' ಅಂದರು. ಮೂರನೇ ಸಲ ಮಾಡಲು ನನಗೂ ಮನಸ್ಸು ಬರಲಿಲ್ಲ. ನಿಮ್ಮ ಮಗಳೇ ಅಲ್ಲವೇ ನಾನೂ.

ಅಮ್ಮನ ಹನ್ನೊಂದನೇ ದಿನ ಹತ್ತು ಜನರ ಮುಂದೆ ನೀವು ನಿಮ್ಮ ಅಳಿಯನಿಗೆ ಅಂದ ಮಾತು ನನಗೆ ಮರೆತಿಲ್ಲ. ಯಳಂದೂರಿನ ತವರಿನಿಂದ ಅಮ್ಮನನ್ನು ಕೊಳ್ಳೇಗಾಲದ ಆಸ್ಪತ್ರೆಗೆ ಕರೆತರುವಾಗ ಮಾಂಬಳ್ಳಿ ಹತ್ತಿರ ಕಾರು ನಿಂತಿತಲ್ಲ, ಅದು ಅವರ ತಪ್ಪು ಅಂದಿರಿ. ಹಿಂದಿನ ಸಾಯಂಕಾಲ ಡೀಸೆಲ್ ಫಿಲ್ಟರ್ ಬದಲಾಯಿಸಿದವನು ನೀನು, ಡೀಸೆಲ್ ಪೈಪಿನೊಳಗೆ ಗಾಳಿ, ಏರ್ ಬಿಟ್ಟವನು ನೀನು, ನನ್ನ ಕಣ್ಣ ಮುಂದೆ ನಿಲ್ಲಬೇಡ ಅಂದಿರಿ. ನಿಮ್ಮ ರಿಪೇರಿ ಶೆಡ್ಡಿನಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದವರು ಸ್ಪ್ಯಾನರನ್ನು ಒರೆಸಿ ಅದರ ಜಾಗದಲ್ಲಿಟ್ಟು ಹೊರಟು ಬಂದರು. ನಾನೂ ಬಂದೆ.

ಈಗ ಅವರು ಇಲ್ಲಿ ಬಾಡಿಗೆಗೆ ಓಡಿಸುತ್ತಾರೆ. ಎಂಟು ತಿಂಗಳ ಹಿಂದೆ ಹನೂರಿನಲ್ಲಿ ಒಂದು ಹಳೇ ಡೀಸೆಲ್ ಅಂಬಾಸಿಡರ್ ತಗೊಂಡರು. ಬೆಳಿಗ್ಗೆ ಎಷ್ಟು ಹೊತ್ತು ಸೆಲ್ಫ್ ಹೊಡೆದರೂ ಹಿಡಿಯುವುದಿಲ್ಲ. ಹಿಡಿದರೆ ಓಡುತ್ತದೆ, ಆಮೇಲೆ ದಾರಿಯಲ್ಲಿ ಎಳೆತ ಕಡಿಮೆಯಾಗಿ, ಎರಡು ಸಲ ಮುಗ್ಗರಿಸಿ ನಿಂತೇಬಿಡುತ್ತದೆ. ಕೈಪಂಪು ಒತ್ತಿ ಏರ್ ತೆಗೆದರೆ ಮತ್ತೆ ಹೊರಡುತ್ತದೆ. ಕೆಲವು ವಾರ ಏನೂ ಆಗುವುದಿಲ್ಲ. ಎಲ್ಲ ಜಾಯಿಂಟೂ ಬಿಗಿ ಮಾಡಿದ್ದಾರೆ, ಎಲ್ಲೂ ಒದ್ದೆ ಇಲ್ಲ. ನೋಡಿದವರೆಲ್ಲ ಇಂಜಿನ್ನಿಗೆ ಡೀಸೆಲ್ ಹೊಡೆಯುವ ದೊಡ್ಡ ಪಂಪು ಹೋಗಿದೆ, ಬಿಚ್ಚಬೇಕು ಅನ್ನುತ್ತಾರೆ.

ಕಾರು ನಿಂತರೆ ನಿಲ್ಲಲಿ, ನನಗೆ ಅದರದ್ದೇ ಚಿಂತೆಯಲ್ಲ. ಹೆರಿಗೆ ನೋವು ಅಂತ, ಹಾವು ಕಚ್ಚಿತು ಅಂತ ಜನ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಇವರು ಒಬ್ಬ ರೋಗಿಯನ್ನೂ ಹತ್ತಿಸಿಕೊಳ್ಳುವುದಿಲ್ಲ. 'ಬ್ಯಾರೆ ಗಾಡಿ ನೋಡ್ಕಳಿ' ಅಂತ ಹೇಳಿ ಒಳಗೆ ಬಂದು ಗೋಡೆ ಕಡೆ ಮುಖ ಮಾಡಿ ಕೂರುತ್ತಾರೆ. ಊರಿನವರು ಸೊಕ್ಕು ಅಂದುಕೊಂಡಿದ್ದಾರೆ. ಅದು ಸೊಕ್ಕಲ್ಲ ಅಂತ ನಿಮಗೆ ಗೊತ್ತಿರಬೇಕು.

ನಾನು ಬರೆದದ್ದು ಅವರಿಗೆ ಗೊತ್ತಿಲ್ಲ.

ನಿಮ್ಮ ಮಗಳು,
ಯಶೋದ

*

ಕೊಳ್ಳೇಗಾಲ
20-2-2001

ಚಿ. ಯಶೋದಳಿಗೆ,

ಕಾಗದ ಬಂತು. ಕಾರಿನ ವಿಷಯ ಎಂಟು ಸಾಲು, ಮಿಕ್ಕದ್ದು ಹಳೇ ಪುರಾಣ. ನಾನು ಎಂಟು ಸಾಲಿಗೆ ಉತ್ತರ ಬರೆಯುತ್ತೇನೆ.

ದೊಡ್ಡ ಪಂಪು ಬಿಚ್ಚು ಅಂದವನು ಯಾವ ಮಹಾರಾಯ? ಅದನ್ನು ಮುಟ್ಟಬೇಡಿ. ಈಗಿನವರಿಗೆ ಯಾವ ಕಾಯಿಲೆಗೂ ಎದೆ ಸೀಳುವುದೊಂದೇ ಗೊತ್ತು. ಏರ್ ತೆಗೆದರೆ ಓಡುತ್ತದೆ ಅಂದ ಮೇಲೆ ಅದು ಏರ್ ಎಳೆಯುತ್ತಿದೆ, ಮುಗಿಯಿತು. ಎಲ್ಲಿಂದ ಅನ್ನುವುದೇ ಪ್ರಶ್ನೆ.

ಒದ್ದೆ ಇಲ್ಲ ಅಂತ ಬರೆದಿದ್ದೀಯ. ಇರುವುದಿಲ್ಲ. ಟ್ಯಾಂಕಿನಿಂದ ಡೀಸೆಲ್ ಎಳೆದುಕೊಡುವ ಚಿಕ್ಕ ಪಂಪಿದೆಯಲ್ಲ, ಫೀಡ್ ಪಂಪು, ಅದರಿಂದ ಮುಂದೆ ಇಂಜಿನ್ನಿನವರೆಗೆ ತಳ್ಳುವ ಕಡೆ. ಅಲ್ಲಿ ತೂತಿದ್ದರೆ ಡೀಸೆಲ್ ಹೊರಗೆ ಬಂದು ಕೈಗೆ ಹತ್ತುತ್ತದೆ. ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಎಳೆಯುವ ಕಡೆ. ಅಲ್ಲಿ ತೂತಿದ್ದರೆ ಗಾಳಿ ಒಳಗೆ ಹೋಗುತ್ತದೆಯೇ ಹೊರತು ಹೊರಗೆ ತೊಟ್ಟೂ ಬರುವುದಿಲ್ಲ. ಒದ್ದೆ ಹುಡುಕುತ್ತಾ ಕೂತವನಿಗೆ ಅದು ಈ ಜನ್ಮದಲ್ಲಿ ಸಿಗುವುದಿಲ್ಲ.

ಎರಡು ಕೆಲಸ ಮಾಡಿ. ಒಂದು ದಿನ ಕಾರಿನ ಮೂತಿ ಇಳಿಜಾರಿನ ಕಡೆಗಿಟ್ಟು ನಿಲ್ಲಿಸಿ, ಇನ್ನೊಂದು ದಿನ ಮೇಲಕ್ಕಿಟ್ಟು. ಇಳಿಜಾರಿನಲ್ಲಿ ಬೆಳಿಗ್ಗೆ ಬೇಗ ಹಿಡಿದು, ಏರಿನಲ್ಲಿ ಹಿಡಿಯದಿದ್ದರೆ ಡೀಸೆಲ್ಲು ಹಿಂದೆ ಟ್ಯಾಂಕಿಗೆ ಓಡಿಹೋಗುತ್ತಿದೆ ಎಂದರ್ಥ. ಎರಡನೆಯದು, ಗಾರೆ ಕೆಲಸದವರ ಹತ್ತಿರ ನೀರಿಟ್ಟು ಮಟ್ಟ ನೋಡುವ ಪೈಪು ಇರುತ್ತದೆ, ಒಳಗಿರುವುದು ಕಾಣುವಂಥದು. ಒಂದು ಮೊಳ ಕತ್ತರಿಸಿ ತಗೊಂಡು ಫೀಡ್ ಪಂಪಿನ ಮುಂಚೆ ರಬ್ಬರ್ ಪೈಪಿನ ಜಾಗಕ್ಕೆ ಹಾಕಿ. ಇಂಜಿನ್ ಓಡುವಾಗ ಅದರಲ್ಲಿ ಗುಳ್ಳೆ ಹರಿದರೆ ತೂತು ಅದರ ಹಿಂದಿದೆ, ಟ್ಯಾಂಕಿನ ಕಡೆ. ಹರಿಯದಿದ್ದರೆ ಮುಂದಿದೆ. ಗಾಳಿಯನ್ನು ಕಣ್ಣಿಂದಲೇ ನೋಡಬಹುದು.

ಫೋನು ಮಾಡಬೇಡ. ರಿಪೇರಿ ಮಾತು ಫೋನಿನಲ್ಲಿ ಆಗುವುದಿಲ್ಲ. ಬರೆ.

ಅಪ್ಪ

*

ಅಜ್ಜೀಪುರ
9-3-2001

ಅಪ್ಪನಿಗೆ ನಮಸ್ಕಾರ.

ನನ್ನ ಗುಟ್ಟು ಒಂದೇ ದಿನದಲ್ಲಿ ರಟ್ಟಾಯಿತು. 'ಗಾರೆ ರಂಗನಾಯಕನ ಹತ್ರ ಮಟ್ಟದ ಪೈಪು ಈಸ್ಕ ಬನ್ನಿ, ಫೀಡ್ ಪಂಪಿನ ಮುಂಚೆ ಹಾಕವ' ಅಂದೆ. ನನ್ನ ಮುಖ ನೋಡಿದರು. 'ಇದು ನಿನ್ ತಲೇಲಿ ಉಟ್ಟಿದ್ ಮಾತಲ್ಲ ಕಣಮ್ಮಿ. ಮೇಸ್ತ್ರಿ ಮಾತು' ಅಂದರು. ನಾನು ನಿಮ್ಮ ಕಾಗದ ಕೊಟ್ಟೆ. ಕಟ್ಟೆ ಮೇಲೆ ಕೂತು ಓದಿದರು, ಮಡಚಿ ವಾಪಸ್ ಕೊಟ್ಟು ಪೈಪು ತರಲು ಹೋದರು. ರಂಗನಾಯಕ ಸುಮ್ಮನೆ ಕೊಡಲಿಲ್ಲ. 'ಒಂದ್ ಮೊಳ ಕುಯ್ದ್ರೆ ನಾಳೆ ಗ್ವಾಡೆ ಸೊಟ್ಟಗಾದ್ರೆ ನೀನ್ ಬಂದು ಎತ್ತ್ ಕೊಡ್ತೀಯಾ?' ಅಂತ ಅರ್ಧ ಗಂಟೆ ಮಾತಾಡಿಸಿದನಂತೆ.

ಮೂತಿ ಇಳಿಜಾರಿಗೆ ಇಟ್ಟ ದಿನ ಒಂದೇ ಸಲಕ್ಕೆ ಹಿಡಿಯಿತು. ಏರಿಗೆ ಇಟ್ಟ ದಿನ ನಾಲ್ಕು ಜನ ತಳ್ಳಬೇಕಾಯಿತು.

ಪೈಪಿನ ಮುಂದೆ ಕಾವಲು ಕೂರುವ ಕೆಲಸ ನನ್ನ ಪಾಲಿಗೆ ಬಂತು. ರೇಷ್ಮೆ ಹುಳು ಪೊರೆ ಕಳಚುವ ನಾಲ್ಕನೇ ಜ್ವರಕ್ಕೆ ಕೂತು ಸೊಪ್ಪು ಬಿಟ್ಟಿದ್ದವು, ಅದರಿಂದ ಬಿಡುವಿತ್ತು. ಹುಳು ಮನೆಗೆ ಡೀಸೆಲ್ ವಾಸನೆ ಬಡಿಯಬಾರದು ಅಂತ ಕಾರನ್ನು ಊರಾಚೆ ಹುಣಸೆ ಮರದ ಕೆಳಗೆ ನಿಲ್ಲಿಸಿ, ಬಾನೆಟ್ ಎತ್ತಿ, ಅವರು ಒಳಗೆ ಕೂತು ಆಕ್ಸಿಲೇಟರ್ ಒತ್ತುತ್ತಿದ್ದರು. ಮೊದಲ ದಿನ ಪೈಪಿನೊಳಗೆ ಡೀಸೆಲ್ಲು ತುಂಬಿಕೊಂಡು ಹೋಗುತ್ತಿತ್ತು, ಒಂದು ಗುಳ್ಳೆಯೂ ಇಲ್ಲ. ಮೂರನೇ ದಿನ ನೋಡಿದರೆ ಸಾಸಿವೆ ಕಾಳಿನಂಥ ಗುಳ್ಳೆಗಳು ಸಾಲಾಗಿ ಬರುತ್ತಿವೆ. ನಾನು ಕಿರುಚಿದ್ದಕ್ಕೆ ಅವರು ಹಾವು ಬಂತು ಅಂತ ಓಡಿ ಬಂದರು. ಇಬ್ಬರೂ ಬಗ್ಗಿ ಆ ಗುಳ್ಳೆಗಳನ್ನೇ ನೋಡುತ್ತಾ ನಿಂತೆವು. ಅವರು ಎಷ್ಟೋ ವರ್ಷದ ಮೇಲೆ ನಕ್ಕರು ಅಪ್ಪ.

ಆದರೆ ಮಾರನೇ ದಿನ ಮತ್ತೆ ಇಲ್ಲ. ಒಂದು ದಿನ ಬಂದು ಒಂದು ದಿನ ಬಾರದಿದ್ದರೆ ಏನಂತ ತಿಳಿಯುವುದು?

ಯಶೋದ

*

ಕೊಳ್ಳೇಗಾಲ
15-3-2001

ಚಿ. ಯಶೋದಳಿಗೆ,

ಒಂದು ದಿನ ಬಂತು ಅಂದರೆ ಸಾಕು. ಎಳೆಯುವ ಕಡೆಯೇ ತೂತು. ಈಗ ಟ್ಯಾಂಕನ್ನೇ ಆಟದಿಂದ ಹೊರಗಿಡಿ. ಐದು ಲೀಟರಿನ ಕ್ಯಾನಿಗೆ ಡೀಸೆಲ್ ತುಂಬಿ, ಬಾನೆಟ್ ಒಳಗೆ ಅಲುಗಾಡದ ಹಾಗೆ ಕಟ್ಟಿ, ಅದರಿಂದ ನೇರವಾಗಿ ಫೀಡ್ ಪಂಪಿಗೆ ಹೊಸ ಪೈಪು ಕೊಡಿ. ಇಂಜಿನ್ನಿನಿಂದ ವಾಪಸ್ ಬರುವ ಡೀಸೆಲ್ಲೂ ಆ ಕ್ಯಾನಿಗೇ ಬೀಳಲಿ. ಬಿಸಿ ಸೈಲೆನ್ಸರಿನಿಂದ ದೂರ ಇರಲಿ. ಹಾಗೇ ದೂರ ಓಡಿಸಿ. ನಿಲ್ಲದಿದ್ದರೆ ಇಂಜಿನ್ನೂ ಪಂಪೂ ಸತ್ಯವಂತರು, ಕಳ್ಳ ಇರುವುದು ಹಿಂದೆ.

ನಿನ್ನ ಗಂಡನಿಗೆ ಹೇಳು, ಕ್ಲಿಪ್ಪನ್ನು ಜಾಸ್ತಿ ಬಿಗಿದು ರಬ್ಬರ್ ಕತ್ತರಿಸಬೇಡ ಅಂತ. ಮೊದಲಿಂದಲೂ ಅವನದು ಭಾರದ ಕೈ.

ಹುಳು ಹಣ್ಣಾಯಿತೇ?

ಅಪ್ಪ

*

ಅಜ್ಜೀಪುರ
2-4-2001

ಅಪ್ಪನಿಗೆ ನಮಸ್ಕಾರ.

ಹುಳು ಹಣ್ಣಾಗಿ, ಗೂಡು ಕಟ್ಟಿ, ಗೂಡನ್ನು ಮಾರುಕಟ್ಟೆಗೂ ತಂದೆವು. ಎಲ್ಲಿಗೆ ಅಂತ ಕೇಳಿ. ಕೊಳ್ಳೇಗಾಲಕ್ಕೆ, ಅದೇ ಕಾರಿನಲ್ಲಿ, ಬಾನೆಟ್ ಒಳಗೆ ಕ್ಯಾನು ಕಟ್ಟಿಕೊಂಡು. ಹನೂರಿನಲ್ಲಿ ಒಂದು ಸಲ ಕ್ಯಾನು ತುಂಬಿಸಿದ್ದು ಬಿಟ್ಟರೆ ಎಲ್ಲೂ ನಿಲ್ಲಲಿಲ್ಲ.

ಗೂಡು ಹಾಕಿದ ಮೇಲೆ ಅವರು ನಾನು ಕೇಳದೆಯೇ ನಮ್ಮ ಬೀದಿ ಕಡೆ ತಿರುಗಿಸಿದರು. ನೀವು ಶೆಡ್ಡಿನ ಮುಂದೆ ಟೈರಿನ ಮೇಲೆ ಕೂತು ಏನೋ ಉಜ್ಜುತ್ತಿದ್ದಿರಿ. ಬೆನ್ನು ನಮ್ಮ ಕಡೆಗಿತ್ತು. ಬೀದಿ ತುದಿಯಲ್ಲಿ ನಿಲ್ಲಿಸಿಕೊಂಡು ನೋಡಿದೆವು. ಹಿಂದಿನಿಂದ ಬಸ್ಸಿನವನು ಬೀದಿ ಹಾರಿಹೋಗುವ ಹಾಗೆ ಹಾರ್ನ್ ಹೊಡೆದ, ನಾನು ಕಿವಿ ಮುಚ್ಚಿಕೊಂಡೆ. ನೀವು ತಲೆ ಎತ್ತಲಿಲ್ಲ. ಇವರು ಸ್ಟಿಯರಿಂಗ್ ಹಿಡಿದುಕೊಂಡು 'ನಿಮ್ಮಪ್ಪನ್ಗೆ ಕೇಳುಸ್ತಾ ಇಲ್ವಾ?' ಅಂದರು. ಬಸ್ಸು ದಾಟಿದ ಮೇಲೆ ರಿವರ್ಸ್ ತಗೊಂಡು ಹೊರಟುಬಿಟ್ಟರು. ಅಪ್ಪ, ನಿಮ್ಮ ಕಿವಿಗೆ ಏನಾಗಿದೆ? ಶಿವಯ್ಯನವರ ಮನೆಗೆ ಫೋನಿಗೆ ಬಾರದಿದ್ದುದು ಅದಕ್ಕೇನಾ?

ಈಗ ನನ್ನ ಕಡೆಯ ಸತ್ಯ. ಮೊದಲ ಕಾಗದದಲ್ಲೇ ಬರೆಯಬೇಕಿತ್ತು, ಬರೆದರೆ ನೀವು ಹರಿದು ಹಾಕುತ್ತೀರಿ ಅಂತ ಹೆದರಿದೆ. ಈ ಕಾರು ಅದೇ. ಅಮ್ಮನನ್ನು ತಂದ ಕಾರು. ನೀವು ಅದನ್ನು ತಿಥಿ ಮುಗಿದ ವಾರವೇ ಮಾರಿದಿರಿ. ಆಮೇಲೆ ಮೂರು ಕೈ ಬದಲಾಯಿತು, ಎಲ್ಲರ ಹತ್ತಿರವೂ ನಿಂತಿತು, ಎಲ್ಲರೂ ಬೈದು ಮಾರಿದರು. ಕೊನೆಗೆ ಹನೂರಿನಲ್ಲಿ ಬೇಲಿ ಪಕ್ಕ ನಿಂತಿದ್ದದ್ದನ್ನು ಇವರು ನಂಬರ್ ನೋಡಿ ಗುರುತು ಹಿಡಿದರು. 'ಈ ದರಿದ್ರ ಯಾಕ್ರೀ ನಮಗೆ' ಅಂತ ನಾನು ಎರಡು ದಿನ ಊಟ ಮಾಡಲಿಲ್ಲ. ಆಗ ಹೇಳಿದರು: 'ಅವತ್ತು ಅದು ಯಾಕ್ ನಿಂತ್ಕತು ಅಂತ ಗೊತ್ತಾಗ್ದೆ ನಂಗೆ ನೆಮ್ಮದಿ ಇಲ್ಲ ಕಣಮ್ಮಿ. ನಾನೇ ಏರ್ ಬಿಟ್ಟಿದ್ನೋ, ಇನ್ನೇನೋ. ತಪ್ಪು ನಂದಾದ್ರೆ ನಂದು ಅನ್ಕತೀನಿ. ಗೊತ್ತಾಗ್ಬೇಕು.'

ಅವರು ದುಡಿಯಲು ಈ ಕಾರು ತಗೊಂಡಿಲ್ಲ ಅಪ್ಪ. ಇದನ್ನು ಕೇಳಲು ತಗೊಂಡಿದ್ದಾರೆ. ನೀವೂ ಕೇಳಿ.

ಯಶೋದ

*

ಕೊಳ್ಳೇಗಾಲ
10-4-2001

ಯಶೋದಳಿಗೆ,

ಆ ಕಾರು ನನ್ನ ಪಾಲಿಗೆ ಸತ್ತಿದೆ. ನನ್ನನ್ನು ಕೇಳದೆ ಅದರ ಮೈಯನ್ನು ನನ್ನ ಕೈಯಲ್ಲೇ ಮುಟ್ಟಿಸಿದ್ದೀಯ. ನನ್ನ ಬುದ್ಧಿ ಬೇಕಾದಾಗ ಬೇರೆ ಕಾರು, ಬುದ್ಧಿ ತಗೊಂಡ ಮೇಲೆ ಅದೇ ಕಾರು. ಚೆನ್ನಾಗಿದೆ ನಿನ್ನ ವ್ಯವಹಾರ.

ನಿನ್ನ ಗಂಡ ಏನು ಬೇಕಾದರೂ ಹುಡುಕಿಕೊಳ್ಳಲಿ. ಅರ್ಧ ಗಂಟೆ ಮುಂಚೆ ಬಂದಿದ್ದರೆ ಉಳಿಯುತ್ತಿದ್ದಳೋ ಏನೋ ಅಂತ ಡಾಕ್ಟರು ಅಂದ ಮಾತು ನನಗೆ ದಿನಾ ನೆನಪಾಗುತ್ತದೆ. ಅದನ್ನು ಯಾವ ಪೈಪಿನಲ್ಲೂ ನೋಡಬೇಕಾಗಿಲ್ಲ.

ಇನ್ನು ಬರೆಯಬೇಡ.

ಪುಟ್ಟಮಲ್ಲಪ್ಪ

*

ಕೊಳ್ಳೇಗಾಲ
28-4-2001

ಚಿ. ಯಶೋದಳಿಗೆ,

ಬರೆಯಬೇಡ ಅಂದೆ, ನೀನು ಬರೆಯಲಿಲ್ಲ. ಇಷ್ಟು ಮಾತು ಕೇಳುವವಳು ಯಾವಾಗ ಆದೆ? ಪೋಸ್ಟ್‌ಮ್ಯಾನ್ ಮಾದಣ್ಣ ದಿನಾ ಕೈ ಅಲ್ಲಾಡಿಸಿಕೊಂಡು ಮುಂದಕ್ಕೆ ಹೋಗುತ್ತಾನೆ.

ಒಂದು ದಿನ ಗುಳ್ಳೆ ಬಂದು ಒಂದು ದಿನ ಬರುವುದಿಲ್ಲ ಅಂತ ಬರೆದಿದ್ದೆಯಲ್ಲ, ಅದು ತಲೆಯಲ್ಲಿ ಕೂತುಬಿಟ್ಟಿದೆ. ತೂತು ಒಂದು ದಿನ ಇದ್ದು ಒಂದು ದಿನ ಇರದೆ ಹೋಗುವುದಿಲ್ಲ. ಟ್ಯಾಂಕಿನ ಹತ್ತಿರದ ಎರಡೂ ರಬ್ಬರ್ ಪೈಪನ್ನು ಕಿತ್ತು ಹೊಸದು ಹಾಕಿ. ಬಿಸಾಡುವ ಮುಂಚೆ ಹಳೆಯದನ್ನು ಬಗ್ಗಿಸಿ ನೋಡಿ, ಬಿರುಕಿದ್ದರೆ ಬರೆ. ಅದಾದ ಮೇಲೂ ನಿಂತರೆ ಒಂದೇ ಒಂದು ಪ್ರಶ್ನೆ. ನಿಂತ ದಿನ ಮೀಟರಿನಲ್ಲಿ ಡೀಸೆಲ್ ಮುಳ್ಳು ಎಲ್ಲಿತ್ತು? ನಿಲ್ಲದ ದಿನ ಎಲ್ಲಿತ್ತು?

ಕಿವಿಯ ವಿಷಯ ಕೇಳಿದ್ದೀಯ. ವಯಸ್ಸಾಯಿತು.

ಅಪ್ಪ

*

ಅಜ್ಜೀಪುರ
11-5-2001

ಅಪ್ಪನಿಗೆ ನಮಸ್ಕಾರ.

ನೀವು ಬರೆದರೆ ಸಾಕು ಅಂತ ಬೆಟ್ಟದ ಮಾದಪ್ಪನಿಗೆ ಹರಕೆ ಹೊತ್ತಿದ್ದೆ, ಅದನ್ನು ತೀರಿಸಬೇಕು ಈಗ.

ರಬ್ಬರ್ ಎರಡೂ ಬದಲಾಯಿತು. ಹಳೆಯವು ಗಟ್ಟಿಯಾಗೇ ಇದ್ದವು, ಬಿರುಕು ಇರಲಿಲ್ಲ. ಬದಲಾಯಿಸಿದ ಮೇಲೆ ಐದು ದಿನ ಓಡಿತು, ಆರನೇ ದಿನ ಹನೂರಿನ ದಾರಿಯಲ್ಲಿ ನಿಂತಿತು.

ಮುಳ್ಳಿನ ವಿಷಯ ನೀವು ಕೇಳಿದ ಮೇಲೆ ಇಬ್ಬರೂ ಕೂತು ಒಂದೊಂದೇ ದಿನ ನೆನಪು ಮಾಡಿಕೊಂಡೆವು. ಟ್ಯಾಂಕು ತುಂಬಿದಾಗ ಒಂದು ಸಲವೂ ನಿಂತಿಲ್ಲ. ಮುಳ್ಳು ಅರ್ಧಕ್ಕಿಂತ ಕೆಳಗೆ ಇಳಿದಾಗಲೇ ನಿಂತಿರುವುದು. ಗುಳ್ಳೆ ಕಂಡ ದಿನವೂ ಹಾಗೇ. ಇಷ್ಟು ಸುಲಭದ್ದು ಹನ್ನೊಂದು ತಿಂಗಳು ನಮ್ಮ ಕಣ್ಣಿಗೆ ಬೀಳಲಿಲ್ಲವಲ್ಲ ಅಂತ ಇವರು ಹಣೆ ಚಚ್ಚಿಕೊಂಡರು.

ಆಮೇಲೆ ಇನ್ನೊಂದು ಮಾತು ಹೇಳಿದರು, ಅದನ್ನೂ ಬರೆಯುತ್ತೇನೆ. 'ನಿಮ್ಮಪ್ಪ ಯಾವತ್ತೂ ಟ್ಯಾಂಕು ತುಂಬ್ಸಿಟ್ಟಿರೋರು. ಅವತ್ತು ಮಾತ್ರ ಮದ್ವೆ ಬಾಡ್ಗೆ ಮುಗುಸ್ಕ ಬಂದು ಅಂಗೇ ನಿಂತಿತ್ತು. ಯಳಂದೂರ್ಗೆ ಓಗೋವಾಗ ಅರ್ಧ ಇತ್ತು. ಬರ್ತಾ ಅದಕ್ಕಿಂತ ಕೆಳಗಿತ್ತು.'

ಇದರ ಅರ್ಥ ಏನು ಅಪ್ಪ?

ಯಶೋದ

*

ಕೊಳ್ಳೇಗಾಲ
17-5-2001

ಚಿ. ಯಶೋದಳಿಗೆ,

ಈ ಕಾಗದವನ್ನು ನಿನ್ನ ಗಂಡನ ಕೈಗೆ ಕೊಡು.

ಮಾದೇಶ, ಟ್ಯಾಂಕಿನ ಡೀಸೆಲ್ ಪೂರ್ತಿ ಬಸಿ. ಹತ್ತಿರ ಬೀಡಿ, ಬೆಂಕಿ ಬೇಡ. ಟ್ಯಾಂಕಿನ ಮೇಲಿನಿಂದ ಒಳಗೆ ಇಳಿಯುವ ಪೈಪಿದೆಯಲ್ಲ, ತಳದಿಂದ ಡೀಸೆಲ್ ಎಳೆಯುವುದು, ಅದನ್ನು ಹೊರಗೆ ತೆಗೆ. ಒಂದು ತುದಿಯನ್ನು ಬೆರಳಿನಿಂದ ಮುಚ್ಚಿ, ಬಕೆಟ್ ನೀರಿನಲ್ಲಿ ಮುಳುಗಿಸಿ, ಇನ್ನೊಂದು ತುದಿಗೆ ರಬ್ಬರ್ ಸಿಕ್ಕಿಸಿ ಊದು. ನಡುವೆ ತೂತಿದ್ದರೆ ಟ್ಯಾಂಕು ತುಂಬಿದಾಗ ಅದು ಡೀಸೆಲ್ಲಿನಲ್ಲಿ ಮುಳುಗಿರುತ್ತದೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಮಟ್ಟ ಇಳಿದು ತೂತು ಹೊರಗೆ ಬಂದಾಗ ಗಾಳಿ ಎಳೆಯಲು ಶುರು.

ಎಲ್ಲಿ ಗುಳ್ಳೆ ಬಂತು, ಅಲ್ಲಿ ಏನು ಕಂಡಿತು, ಎರಡನ್ನೂ ಬರೆಯಬೇಕು. ಏನು ಕಂಡರೂ ಬರೆಯಬೇಕು.

ಪುಟ್ಟಮಲ್ಲಪ್ಪ

*

ಅಜ್ಜೀಪುರ
4-6-2001

ಅಪ್ಪನಿಗೆ ನಮಸ್ಕಾರ.

ಕಾರು ಸರಿಹೋಯಿತು. ರಬ್ಬರ್ ಪೈಪು ಒಳಗೆ ಕೊಳೆತಿತ್ತು, ಬದಲಾಯಿಸಿದೆವು. ಈಗ ಎಲ್ಲೂ ನಿಲ್ಲುತ್ತಿಲ್ಲ. ನಿಮ್ಮಿಂದ ಬಹಳ ಉಪಕಾರವಾಯಿತು.

ಇಲ್ಲಿ ಒಂದು ಹದ ಮಳೆಯಾಯಿತು. ಹಿಪ್ಪುನೇರಳೆ ಚಿಗುರಿದೆ. ನೀವು ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಯಶೋದ

*

ಕೊಳ್ಳೇಗಾಲ
11-6-2001

ಚಿ. ಯಶೋದಳಿಗೆ, ಚಿ. ಮಾದೇಶನಿಗೆ,

ನಿನಗೆ ಸುಳ್ಳು ಬರೆಯಲು ಬರುವುದಿಲ್ಲ ಮಗಳೇ. ರಬ್ಬರನ್ನು ಹೋದ ತಿಂಗಳೇ ಬದಲಾಯಿಸಿ, ಹಳೆಯದು ಗಟ್ಟಿಯಾಗಿತ್ತು ಅಂತ ನೀನೇ ಬರೆದಿದ್ದೆ. ಮಳೆ, ಸೊಪ್ಪು, ಊಟ ಅಂತ ಬರೆದಿದ್ದೀಯ, ಬಕೆಟ್ಟಿನ ವಿಷಯ ಒಂದಕ್ಷರ ಇಲ್ಲ. ಇದು ನಿನ್ನ ಗಂಡನ ಬುದ್ಧಿ. ಏನು ಕಂಡಿತು ಅಂತ ನೀವು ಹೇಳಬೇಕಾಗಿಲ್ಲ, ನಾನೇ ಹೇಳುತ್ತೇನೆ.

ಆ ಪೈಪಿನ ನಡುವೆ ಒಂದು ಬೆಸುಗೆ ಇದೆ, ಹಿತ್ತಾಳೆ ಬೆಸುಗೆ. ಅರದಿಂದ ನಾಲ್ಕು ಕಡೆ ಉಜ್ಜಿ ನುಣ್ಣಗೆ ಮಾಡಿದ್ದು. ಕೊಳ್ಳೇಗಾಲದಲ್ಲಿ ಹಾಗೆ ಉಜ್ಜುವವನು ನಾನೊಬ್ಬನೇ. ಅಲ್ಲೇ ಗುಳ್ಳೆ ಬಂದಿದೆ.

ತೊಂಬತ್ಮೂರರಲ್ಲಿ ಆ ಪೈಪು ಮುರಿದಿತ್ತು, ನಾನೇ ಬೆಸೆದೆ. ಮಾದೇಶ, ನೀನು ಪಕ್ಕದಲ್ಲೇ ನಿಂತಿದ್ದೆ. 'ಮಾವ, ಒಂದ್ ಕಿತ ನೀರಲ್ ಅದ್ದಿ ನೋಡ್ಬುಡವಾ' ಅಂದೆ. ನಾನು 'ಏನ್ಲಾ, ನನ್ ಬೆಸುಗೆಗೇ ನೀರ್ ಪರೀಕ್ಷೆನಾ?' ಅಂತ ಗದರಿಸಿದೆ. ನನ್ನ ಪರೀಕ್ಷೆ ಏನು ಅಂತ ನಿನಗೆ ಗೊತ್ತು. ಮೂವತ್ತು ವರ್ಷ ಅದೇ ಮಾಡಿದ್ದೆ. ತುದಿ ಮುಚ್ಚಿ, ಊದಿ, ಬೆಸುಗೆಯನ್ನು ಕಿವಿಯ ಹತ್ತಿರ ಹಿಡಿಯುವುದು. ಕೂದಲಷ್ಟು ತೂತಿದ್ದರೂ ಸುಯ್ ಅನ್ನುವುದು ಕೇಳಿಸಬೇಕು. ಅವತ್ತೂ ಹಿಡಿದೆ. ಏನೂ ಕೇಳಿಸಲಿಲ್ಲ. ತೂತಿಲ್ಲ ಅಂದುಕೊಂಡು ಟ್ಯಾಂಕಿಗೆ ಹಾಕಿದೆ.

ಕೇಳಿಸದಿದ್ದುದು ಕಿವಿಯ ದೋಷ. ಅದು ನನಗೆ ಆಗಲೇ ಗೊತ್ತಿತ್ತು. ಅದಕ್ಕೂ ಒಂದು ವರ್ಷ ಮುಂಚಿನಿಂದ ನಿನ್ನತ್ತೆ ಕೆಂಪಾಜಮ್ಮ ಒಳಗಿನಿಂದ ಕರೆದರೆ ಕೇಳಿಸುತ್ತಿರಲಿಲ್ಲ. ಅವಳು ತಟ್ಟೆ ತಂದು ಎದುರಿಗೇ ನಿಂತು 'ಊಟ' ಅನ್ನುತ್ತಿದ್ದಳು, ಯಾರ ಹತ್ತಿರವೂ ಹೇಳಲಿಲ್ಲ. ಇಂಜಿನ್ ಸದ್ದು ಕೇಳಿಯೇ ಕಾಯಿಲೆ ಹೇಳುವ ಮೇಸ್ತ್ರಿ ಅಂತ ಹೆಸರು ತಗೊಂಡವನು ಕಿವುಡ ಅಂತ ಹೇಗೆ ಹೇಳಲಿ? ಇಂಜಿನ್ ಮೇಲೆ ಸ್ಕ್ರೂಡ್ರೈವರ್ ಇಟ್ಟು ಇನ್ನೊಂದು ತುದಿಯನ್ನು ಕಿವಿಗೆ ಒತ್ತಿ ತಲೆ ಆಡಿಸುತ್ತಿದ್ದೆನಲ್ಲ, ಆಗ ನೀನು ಬಾಯಿಬಿಟ್ಟು ಏನು ಹೇಳುತ್ತೀಯೋ ಅದನ್ನು ನಿನ್ನ ತುಟಿ ನೋಡಿ ತಿಳಿದು, ನಾನು ಕಂಡುಹಿಡಿದ ಹಾಗೆ ಹೇಳುತ್ತಿದ್ದೆ. ಕೊನೆಯ ಎರಡು ವರ್ಷ ನನ್ನ ಶೆಡ್ಡು ನಡೆದದ್ದು ನಿನ್ನ ಕಿವಿಯಲ್ಲಿ.

ಏಪ್ರಿಲ್ಲಿನಲ್ಲಿ ಯಶೋದ ಅದೇ ಕಾರು ಅಂತ ಬರೆದಾಗಲೇ ಆ ಬೆಸುಗೆ ನೆನಪಾಗಿತ್ತು. ಕೋಪ ಬರೆದು ಕಳಿಸಿದೆ. ಹದಿನೆಂಟು ದಿನ ಆ ಪೈಪೇ ಕಣ್ಣ ಮುಂದೆ ಇತ್ತು. ಮುಳ್ಳು ಎಲ್ಲಿತ್ತು ಅಂತ ಕೇಳಿದವನು ಉತ್ತರ ಗೊತ್ತಿದ್ದೇ ಕೇಳಿದೆ.

ನಿನ್ನ ಫಿಲ್ಟರಿನಲ್ಲಿ ತಪ್ಪಿರಲಿಲ್ಲ ಮಾದೇಶ. ನೀನು ಏರ್ ಬಿಟ್ಟಿರಲಿಲ್ಲ. ಕೆಂಪಾಜಮ್ಮನನ್ನು ಮಾಂಬಳ್ಳಿಯ ಹತ್ತಿರ ರಸ್ತೆಯಲ್ಲಿ ನಿಲ್ಲಿಸಿದ್ದು ನನ್ನ ಬೆಸುಗೆ, ನನ್ನ ಕಿವಿ, ನನ್ನ ಜಂಬ. ಹತ್ತು ಜನರ ಮುಂದೆ ನಿನ್ನ ಮೇಲೆ ಹೊರಿಸಿದೆ. ಆ ಹತ್ತು ಜನರಲ್ಲಿ ಇಬ್ಬರು ತೀರಿಹೋಗಿದ್ದಾರೆ. ಮಿಕ್ಕ ಎಂಟು ಜನರ ಮನೆಗೆ ಈ ವಾರ ಹೋಗಿ ತಪ್ಪು ನನ್ನದು ಅಂತ ಹೇಳಿ ಬಂದೆ. ಶಿವಯ್ಯನಿಂದ ಶುರು ಮಾಡಿದೆ. ಅವರಲ್ಲಿ ದೊಡ್ಡಮಾದಪ್ಪ ಏನೋ ಅಂದ, ನನಗೆ ಕೇಳಿಸಲಿಲ್ಲ, ಬೈದಿರಬೇಕು. ಬೈಯಲಿ.

ನೀವು ಬರುವುದಾದರೆ ಬನ್ನಿ. ಟ್ಯಾಂಕು ತುಂಬಿಸಿಕೊಂಡು ಬನ್ನಿ. ಬಾರದಿದ್ದರೆ ಅದೂ ಸರಿ, ನನಗೆ ಕೇಳುವ ಹಕ್ಕಿಲ್ಲ.

ಅಪ್ಪ

*

ಅಜ್ಜೀಪುರ
20-6-2001

ಮೇಸ್ತ್ರಿ ಮಾವನವರಿಗೆ ಮಾದೇಶ ಮಾಡುವ ನಮಸ್ಕಾರ.

ನನಗೆ ಕಾಗದ ಬರೆದು ರೂಢಿಯಿಲ್ಲ. ಯಶೋದ ಬರೆದುಕೊಡುತ್ತೇನೆ ಅಂದಳು, ಬೇಡ ಅಂದೆ.

ನೀವು ಬರೆದದ್ದೆಲ್ಲ ನಿಜ. ಬಕೆಟ್ಟಿನಲ್ಲಿ ಅದ್ದಿ ಊದಿದ ಕೂಡಲೇ ಬೆಸುಗೆಯಿಂದ ಗುಳ್ಳೆ ಬಂತು, ಒಂದರ ಹಿಂದೆ ಒಂದು. ಹೊರಗೆ ತೆಗೆದು ಒರೆಸಿದೆ, ನಿಮ್ಮ ಅರದ ಗೀರು ಕಂಡಿತು. ಮಧ್ಯಾಹ್ನ ಪೂರ್ತಿ ಅದನ್ನು ಹಿಡಿದುಕೊಂಡು ಹುಣಸೆ ಮರದ ಕೆಳಗೆ ಕೂತಿದ್ದೆ. ತಪ್ಪು ನನ್ನದಲ್ಲ ಅಂತ ಗೊತ್ತಾದರೆ ಕುಣಿದಾಡುತ್ತೇನೆ ಅಂದುಕೊಂಡಿದ್ದೆ. ಕುಣಿಯಲು ಕಾಲು ಬರಲಿಲ್ಲ. ಕೋಪ ಬಂತು. ಆರು ವರ್ಷ ನಾನು ಅತ್ತೆಯನ್ನು ಕೊಂದವನು ಅಂದುಕೊಂಡು ಬದುಕಿದೆ ಮಾವ. ಹೆರಿಗೆ ಹೆಂಗಸು ಬಾಗಿಲಲ್ಲಿ ನರಳುತ್ತಿದ್ದರೆ ಒಳಗೆ ಕೂತು ಕಿವಿ ಮುಚ್ಚಿಕೊಂಡೆ. ಅದು ಸುಮ್ಮನೆ ಹೋಗುವ ಕೋಪ ಅಲ್ಲ, ಸುಳ್ಳು ಯಾಕೆ ಬರೆಯಲಿ.

ಆದರೂ ಯಶೋದಳಿಗೆ 'ನಿಮ್ಮಪ್ಪನ್ಗೆ ಬರೀಬ್ಯಾಡ' ಅಂದವನು ನಾನೇ. ದೊಡ್ಡ ಮನಸ್ಸಿನಿಂದ ಅಂದದ್ದಲ್ಲ. ಇದು ನಿಮಗೆ ಗೊತ್ತಾದ ಮೇಲೆ ನಿಮ್ಮ ಮುಖ ಹೇಗಿರುತ್ತದೋ, ಅದನ್ನು ನೋಡುವ ಧೈರ್ಯ ನನಗೆ ಇರಲಿಲ್ಲ. ಕೆಲಸ ಕಲಿಸಿದ ಕೈ ಅದು.

ನಿಮ್ಮ ಕಿವಿಯ ವಿಷಯ ನನಗೆ ಆಗಲೇ ಗೊತ್ತಿತ್ತು. ಬಾಯಿ ಅಗಲ ಮಾಡಿ ನಿಧಾನವಾಗಿ ಹೇಳುತ್ತಿದ್ದೆನಲ್ಲ, ಯಾಕೆ ಅಂದುಕೊಂಡಿರಿ? ಆ ಬೆಸುಗೆ ಹಾಕಿದ ದಿನ ಮಾತ್ರ ನಾನೂ ಗದರಿಸಿದ್ದಕ್ಕೆ ಹೆದರಿ ಸುಮ್ಮನಾದೆ. ನೀವು ಆ ಕಡೆ ಹೋದಾಗ ಒಂದು ಸಲ ಬಕೆಟ್ಟಿಗೆ ಅದ್ದಿದ್ದರೆ ಆಗುತ್ತಿತ್ತು. ಅದಷ್ಟು ನನ್ನ ಪಾಲಿಗಿರಲಿ. ಎಲ್ಲವನ್ನೂ ನೀವೇ ಹೊತ್ತುಕೊಳ್ಳಬೇಡಿ.

ಪೈಪನ್ನು ಹೊಸದಾಗಿ ಬೆಸೆದಿದ್ದೇನೆ. ಮೂರು ಸಲ ನೀರಿನಲ್ಲಿ ನೋಡಿದೆ. ಹೋದ ಗುರುವಾರ ಮಾರ್ಟಳ್ಳಿಯಿಂದ ಒಬ್ಬಳು ಹೆರಿಗೆ ಹೆಂಗಸನ್ನು ಕೊಳ್ಳೇಗಾಲದ ಆಸ್ಪತ್ರೆಗೆ ಸೇರಿಸಿದೆ. ದಾರಿಯುದ್ದಕ್ಕೂ ನನ್ನ ಅಂಗಿ ಬೆವರಿನಿಂದ ಒದ್ದೆಯಾಗಿತ್ತು, ಕಾರು ನಿಲ್ಲಲಿಲ್ಲ. ಗಂಡು ಮಗು.

ಬರುವ ಭಾನುವಾರ ಬೆಳಿಗ್ಗೆ ಬರುತ್ತೇವೆ. ಟ್ಯಾಂಕು ತುಂಬಿಸಿಕೊಂಡು ಬನ್ನಿ ಅಂದಿದ್ದೀರಿ, ತುಂಬಿಸುವುದಿಲ್ಲ. ಕಾಲು ಟ್ಯಾಂಕಿನಲ್ಲೇ ಬರುತ್ತೇನೆ. ನೀವು ಮುಂದಿನ ಸೀಟಿನಲ್ಲಿ ಕೂರಬೇಕು. ಯಳಂದೂರಿಗೆ ಹೋಗಿ, ಅಲ್ಲಿಂದ ಅದೇ ದಾರಿಯಲ್ಲಿ ವಾಪಸ್ ಬರೋಣ. ಮಾಂಬಳ್ಳಿ ಹತ್ತಿರ ಬಂದಾಗ ಇಂಜಿನ್ ಸದ್ದು ನಿಮಗೆ ಕೇಳಿಸದಿದ್ದರೆ ಮುಂದಿನ ಡ್ಯಾಶ್ ಮೇಲೆ ಅಂಗೈ ಇಡಿ. ಓಡುತ್ತಿರುವುದು ಗೊತ್ತಾಗುತ್ತದೆ.

ನಿಮ್ಮ
ಮಾದೇಶ